ಗೊಂಡ್ ಚಿತ್ರಕಲೆ: ಪ್ರಾಣಿ, ಪ್ರಕೃತಿ ಮತ್ತು ಕರ್ತೃತ್ವದ ಪ್ರಶ್ನೆ

ಮಧ್ಯಭಾರತದ ಗೊಂಡ್ ಸಮುದಾಯದ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚಿತ್ರಗಳು ಇಂದು ಕಲಾಸಕ್ತರಿಗೆ ಅಪರಿಚಿತವಲ್ಲ. ಕೊಂಬುಗಳೇ ಮರವಾಗಿ ಕವಲೊಡೆದ ಜಿಂಕೆ, ಮೈಯೆಲ್ಲ ಚುಕ್ಕೆಗಳ ಸಾಲಿನಿಂದ ತುಂಬಿದ ಹುಲಿ, ಬಳ್ಳಿಯಂತೆ ಬಾಗಿ ಹಬ್ಬಿದ ಹಾವು, ರೆಂಬೆಯೊಂದಿಗೆ ಬೆಸೆದುಕೊಂಡ ಹಕ್ಕಿ ಇವು ಕಲಾಶಾಲೆಗಳಿಂದ ಹಿಡಿದು ಕರಕುಶಲ ಮೇಳಗಳವರೆಗೆ, ಮಕ್ಕಳ ಪುಸ್ತಕಗಳಿಂದ ಹಿಡಿದು ಸೀರೆಯ ಸೆರಗಿನವರೆಗೆ ವ್ಯಾಪಿಸಿವೆ. ಈ ಚಿತ್ರಗಳ ಜೊತೆಯಲ್ಲಿ ಒಂದು ಸಿದ್ಧ ವಿವರಣೆಯೂ ಸಂಚರಿಸುತ್ತಿದೆ: ಇದು ಪ್ರಾಣಿ ಮತ್ತು ಪ್ರಕೃತಿಯಿಂದ ಪ್ರೇರಿತವಾದ ಪಾರಂಪರಿಕ ಬುಡಕಟ್ಟು ಕಲೆ. ವಿವರಣೆ ಮೇಲುನೋಟಕ್ಕೆ ನಿರಪಾಯಕಾರಿಯಾಗಿ ತೋರುತ್ತದೆ. ಆದರೆ 'ಪಾರಂಪರಿಕ', 'ಪ್ರಕೃತಿಪ್ರೇರಿತ', 'ಬುಡಕಟ್ಟು' ಎಂಬ ಇದರ ಮೂರು ವಿಶೇಷಣಗಳೂ ಚರ್ಚೆಗೆ ಅರ್ಹವಾದವು. ಇವು ಚಿತ್ರವನ್ನು ನೋಡುವ ಕ್ರಮವನ್ನು ಮೊದಲೇ ನಿರ್ಧರಿಸಿಬಿಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಚಿತ್ರ ಬರೆದವರ ಹೆಸರನ್ನು ಅನಗತ್ಯವೆನಿಸುವಂತೆ ಮಾಡುತ್ತವೆ. ಈ ಮೂರು ಪದಗಳನ್ನು ಕೃತಿಗಳ ಎದುರಿನಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪರಧಾನರು: ಹಾಡಿನ ವೃತ್ತಿ

ಗೊಂಡರು ಭಾರತದ ಅತಿ ದೊಡ್ಡ ಆದಿವಾಸಿ ಸಮುದಾಯಗಳಲ್ಲಿ ಒಬ್ಬರು. ಮಧ್ಯಪ್ರದೇಶ, ಛತ್ತೀಸಗಢ, ಮಹಾರಾಷ್ಟ್ರ, ತೆಲಂಗಾಣ, ಒಡಿಶಾ ಮುಂತಾದ ರಾಜ್ಯಗಳಲ್ಲಿ ಹರಡಿರುವ ಇವರ ಸಂಖ್ಯೆ ಒಂದು ಕೋಟಿಗೂ ಮಿಗಿಲು. ಗೊಂಡಿ ಭಾಷೆಯು ದ್ರಾವಿಡ ಪರಿವಾರಕ್ಕೆ ಸೇರಿದ್ದು, ಕನ್ನಡದ ಕಣ್ಣು, ಕೈ, ಮೀನು, ಮರ ಎಂಬ ಪದಗಳ ಜ್ಞಾತಿರೂಪಗಳು ಅದರಲ್ಲಿಯೂ ಉಂಟು. ಆದರೆ ೨೦೧೧ರ ಜನಗಣತಿಯಲ್ಲಿ ಗೊಂಡಿಯನ್ನು ತಾಯಿನುಡಿಯೆಂದು ಬರೆಸಿದವರು ಮೂವತ್ತು ಲಕ್ಷಕ್ಕೆ ಸಮೀಪ ಮಾತ್ರ. ನಾವು ಚರ್ಚಿಸುತ್ತಿರುವ ಚಿತ್ರಕಲೆ ಹುಟ್ಟಿದ ನರ್ಮದೆಯ ಮೇಲ್ಕಣಿವೆಯ ಮಂಡ್ಲಾ ಹಾಗೂ ಡಿಂಡೋರಿ ಪ್ರದೇಶದಲ್ಲಿ ಜನರ ಆಡುನುಡಿ ಬಹುಮಟ್ಟಿಗೆ ಹಿಂದಿಯ ಸ್ಥಳೀಯ ಪ್ರಭೇದವಾಗಿದೆ.

ಇಲ್ಲಿ ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ಸಂಗತಿಯೊಂದಿದೆ. 'ಗೊಂಡ್ ಚಿತ್ರಕಲೆ'ಯ ಪ್ರಮುಖ ಕಲಾವಿದರಲ್ಲಿ ಬಹುಪಾಲು ಜನ ಗೊಂಡರ ಒಂದು ಶಾಖೆಯಾದ ಪರಧಾನರು. ಪರಧಾನರ ಕುಲವೃತ್ತಿ ಗಾಯನ. ಮೂರು ತಂತಿಗಳ 'ಬಾನಾ' ಎಂಬ ಕಮಾನುವಾದ್ಯವನ್ನು ಹಿಡಿದು ತಮ್ಮ ಗೊಂಡ್ ಯಜಮಾನರ ಮನೆಗಳಿಗೆ ಹೋಗಿ, ಅವರ ವಂಶಾವಳಿಯನ್ನೂ ಗೊಂಡ್ ರಾಜರ ಕಥೆಗಳನ್ನೂ ದೇವತೆಗಳ ಉತ್ಪತ್ತಿಯನ್ನೂ ಹಾಡಿ, ಧಾನ್ಯ, ಬಟ್ಟೆ, ದನಗಳನ್ನು ಕಾಣಿಕೆಯಾಗಿ ಪಡೆಯುವುದು ಅವರ ಜೀವನಕ್ರಮವಾಗಿತ್ತು. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಈ ಭೇಟಿ ನಡೆಯುತ್ತಿತ್ತು. ನಮ್ಮಲ್ಲಿ ಒಕ್ಕಲ ಮನೆಗಳಿಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಬಲ್ಲ ಕನ್ನಡದ ಸಂಶೋಧಕರಿಗೆ ಈ ವ್ಯವಸ್ಥೆಯ ಸ್ವರೂಪವನ್ನು ಗ್ರಹಿಸುವುದು ಕಷ್ಟವಾಗದು. ಶಾಮರಾವ್ ಹಿವಳೆ ಅವರು ೧೯೪೬ರಲ್ಲಿ ಪ್ರಕಟಿಸಿದ, ನರ್ಮದೆಯ ಮೇಲ್ಕಣಿವೆಯ ಪರಧಾನರನ್ನು ಕುರಿತ ಗ್ರಂಥವು ಈ ಸಮುದಾಯದ ಬಗೆಗಿನ ಮೊದಲ ವಿಸ್ತೃತ ಅಧ್ಯಯನ. ಅವರ ಸಹೋದ್ಯೋಗಿ ವೆರಿಯರ್ ಎಲ್ವಿನ್ ಅದೇ ದಶಕದಲ್ಲಿ ಪಾಟನಗಢ ಗ್ರಾಮದಲ್ಲಿ ನೆಲೆಸಿದ್ದರು. ಮಧ್ಯಭಾರತದ ಬುಡಕಟ್ಟು ಕಲೆಯನ್ನು ಕುರಿತ ಎಲ್ವಿನ್ ಅವರ ಪುಸ್ತಕ ೧೯೫೧ರಲ್ಲಿ ಹೊರಬಂದಿತು. ಮುಂದೆ ಇದೇ ಪಾಟನಗಢ ಈ ಚಿತ್ರಕಲೆಯ ತವರೂರಾಗುತ್ತದೆ.

ಪರಧಾನರ ಹಾಡಿಗೆ ದೈವಿಕ ಮೂಲವೂ ಉಂಟು. ಗೊಂಡರ ಮಹಾದೈವವಾದ ಬಡಾದೇವ ಸಾಜಾ ಮರದಲ್ಲಿ, ಅಂದರೆ ನಮ್ಮ ಮತ್ತಿ ಮರದಲ್ಲಿ, ನೆಲೆಸಿದ್ದಾನೆಂಬುದು ಅವರ ನಂಬಿಕೆ. ಅಣ್ಣತಮ್ಮಂದಿರಲ್ಲಿ ಕಿರಿಯವನು ಬಾನಾ ನುಡಿಸಿ ಆ ದೈವವನ್ನು ಒಲಿಸಿಕೊಂಡನೆಂದೂ ಅವನ ಸಂತತಿಯೇ ಪರಧಾನರೆಂದೂ ಹೇಳುವ ಕಥೆಗೆ ಹಲವು ಪಾಠಗಳಿವೆ. ಈ ಕಥೆಯಲ್ಲಿ ದೇವರಿಗೆ ಮೂರ್ತಿಯಿಲ್ಲವೆಂಬುದನ್ನು ಗಮನಿಸಬೇಕು. ಮರವಿದೆ, ವಾದ್ಯವಿದೆ, ನಾದವಿದೆ, ಬಡಾದೇವನ ಮುಖವಿಲ್ಲ. ಮುಂದಿನ ಚರ್ಚೆಗೆ ಈ ಅಂಶ ಅತ್ಯಂತ ಮುಖ್ಯವಾದುದು.

೨. ಗೋಡೆ ಮತ್ತು ನೆಲದ ಚಿತ್ರಣ

ಪರಧಾನರಲ್ಲಿ ಹಾಗೂ ಇತರ ಗೊಂಡರಲ್ಲಿ ಚಿತ್ರಣದ ಸಂಪ್ರದಾಯವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಮನೆಯ ನೆಲ ಮತ್ತು ಗೋಡೆಗಳ ಮೇಲೆ ಹೆಂಗಸರು ಬರೆಯುವ 'ದಿಗ್ನಾ' ಎಂಬ ರೇಖಾವಿನ್ಯಾಸ ಹಬ್ಬ, ಮದುವೆ ಮುಂತಾದ ಶುಭಕಾರ್ಯಗಳ ಅಂಗವಾಗಿದೆ. ಬಿಳಿಯ ಚೂಯಿ ಮಣ್ಣು, ಹಳದಿಯ ರಾಮರಜ, ಕೆಂಪಿನ ಗೇರು, ಇದ್ದಿಲಿನ ಕಪ್ಪು, ಸಗಣಿಯ ಸಾರಣೆ ಇವು ಇದರ ಸಾಮಗ್ರಿ. ಗೋಡೆಯ ಮೇಲೆ ಮಣ್ಣನ್ನು ಉಬ್ಬಿಸಿ ಪ್ರಾಣಿಪಕ್ಷಿಗಳ ಆಕೃತಿ ಮಾಡುವ ರೂಢಿಯೂ ಇದೆ. ಇದರೊಡನೆ ಮೈಮೇಲಿನ ಹಚ್ಚೆಯ ವಿನ್ಯಾಸಗಳೂ ಸೇರುತ್ತವೆ.

ಆದರೆ ಇಂದು ನಾವು ಗೊಂಡ್ ಚಿತ್ರವೆಂದು ಗುರುತಿಸುವ ಕೃತಿಗೂ ಈ ದಿಗ್ನಾಕ್ಕೂ ನಡುವಿನ ಅಂತರ ಕಡಿಮೆಯದಲ್ಲ. ದಿಗ್ನಾ ಜ್ಯಾಮಿತೀಯವಾದದ್ದು, ಅದರಲ್ಲಿ ಕಥನವಿಲ್ಲ. ಅದು ಸಾಮೂಹಿಕ ಸ್ವರೂಪದ್ದು. ಬರೆದವಳ ಹೆಸರು ಅದಕ್ಕೆ ಬೇಕಿಲ್ಲ. ಮಳೆಗಾಲ ಕಳೆದ ಮೇಲೆ ಮತ್ತೆ ಸಾರಿಸಿ ಮತ್ತೆ ಬರೆಯುವಂಥದು. ಕಾಗದ ಅಥವಾ ಕ್ಯಾನ್‌ವಾಸಿನ ಮೇಲೆ ಬರೆದು, ಸಹಿ ಹಾಕಿ, ದೂರದ ಅಪರಿಚಿತನಿಗೆ ತಲುಪಿಸುವ ಚಿತ್ರದ ಜೀವನವೇ ಬೇರೆ. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರದೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಸೆ ಚಿತ್ತಾರವು ಗೋಡೆಯಿಂದ ಕಾಗದಕ್ಕೆ ಬಂದಾಗಲೂ ತನ್ನ ರೇಖಾವ್ಯಾಕರಣವನ್ನು ಹೆಚ್ಚು ಬದಲಿಸಿಕೊಳ್ಳಲಿಲ್ಲ. ಗೋಡೆಯ ಮೇಲಿದ್ದ ಎಳೆಗಳೇ ಕಾಗದದ ಮೇಲೂ ಕಾಣುತ್ತವೆ. ಪರಧಾನರ ವಿಷಯದಲ್ಲಿ ಗೋಡೆಯಿಂದ ಕಾಗದಕ್ಕೆ ಬಂದದ್ದು ಹಳೆಯ ವಿನ್ಯಾಸದ ಒಂದು ಅಂಶ ಮಾತ್ರ. ಕಾಗದದ ಮೇಲೆ ಕಂಡ ಆಕೃತಿಗಳು ಬಹುಮಟ್ಟಿಗೆ ಹೊಸವು. 'ಪಾರಂಪರಿಕ' ಎಂಬ ವಿಶೇಷಣದ ತೊಡಕು ಇಲ್ಲಿಂದ ಆರಂಭವಾಗುತ್ತದೆ.

೩. ಜನಗಢ ಸಿಂಗ್ ಶ್ಯಾಮ್ ಮತ್ತು ಭಾರತ ಭವನ

ಭೋಪಾಲದ ಭಾರತ ಭವನ ೧೯೮೨ರ ಫೆಬ್ರವರಿ ೧೩ರಂದು ಉದ್ಘಾಟನೆಯಾಯಿತು. ಅದರ ಕಲಾ ವಿಭಾಗವಾದ 'ರೂಪಂಕರ'ದ ಹೊಣೆ ಹೊತ್ತಿದ್ದವರು ಚಿತ್ರಕಾರ ಹಾಗೂ ಚಿಂತಕ ಜೆ. ಸ್ವಾಮಿನಾಥನ್. ನಗರದ ಆಧುನಿಕ ಕಲೆಯನ್ನೂ ಆದಿವಾಸಿ ಮತ್ತು ಜಾನಪದ ಕಲೆಯನ್ನೂ ಒಂದೇ ಸೂರಿನಡಿ, ಸಮಾನ ಗೌರವದಿಂದ ಪ್ರದರ್ಶಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಇದಕ್ಕಾಗಿ ಅವರು ಯುವ ಕಲಾವಿದರ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಕಳುಹಿಸಿದರು. ೧೯೮೧ರಲ್ಲಿ ಅಂಥದೊಂದು ತಂಡ ಪಾಟನಗಢದಲ್ಲಿ ಕಂಡುಕೊಂಡ ಪ್ರತಿಭೆಯೇ ಜನಗಢ ಸಿಂಗ್ ಶ್ಯಾಮ್. ಆಗ ಅವರಿನ್ನೂ ಇಪ್ಪತ್ತರ ಆಸುಪಾಸಿನ ತರುಣ. ಸ್ವಾಮಿನಾಥನ್ ಅವರ ಆಹ್ವಾನದ ಮೇರೆಗೆ ಭೋಪಾಲಕ್ಕೆ ಬಂದ ಜನಗಢರು ಭಾರತ ಭವನದ ಮುದ್ರಣಕಲಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಮಣ್ಣಿನ ಬಣ್ಣದ ಜಾಗದಲ್ಲಿ ಪೋಸ್ಟರ್ ಬಣ್ಣ, ಗೋಡೆಯ ಜಾಗದಲ್ಲಿ ಕಾಗದ, ಬೆರಳು ಮತ್ತು ಬಟ್ಟೆಯ ತುಂಡಿನ ಜಾಗದಲ್ಲಿ ಕುಂಚ ಮತ್ತು ಲೇಖನಿ ಅವರ ಕೈಗೆ ಬಂದವು.

ಮುಂದಿನದು ಶೀಘ್ರಗತಿಯ ಇತಿಹಾಸ. ೧೯೮೬ರಲ್ಲಿ ಮಧ್ಯಪ್ರದೇಶ ಸರ್ಕಾರದ ಶಿಖರ ಸಮ್ಮಾನ. ೧೯೮೯ರಲ್ಲಿ ಪ್ಯಾರಿಸ್ಸಿನ 'ಮ್ಯಾಜಿಸಿಯಾಂ ದ ಲಾ ತೆರ್' ಪ್ರದರ್ಶನದಲ್ಲಿ ಜಗತ್ತಿನ ಸಮಕಾಲೀನ ಕಲಾವಿದರ ಸಾಲಿನಲ್ಲಿ ಸ್ಥಾನ. ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭೋಪಾಲದ ವಿಧಾನ ಭವನದಲ್ಲಿ ಭಿತ್ತಿಚಿತ್ರ. ೧೯೯೮ರಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಜ್ಯೋತೀಂದ್ರ ಜೈನ್ ಏರ್ಪಡಿಸಿದ 'ಅದರ್ ಮಾಸ್ಟರ್ಸ್' ಪ್ರದರ್ಶನದ ಐವರು ಕಲಾವಿದರಲ್ಲಿ ಒಬ್ಬರು. ಇದೇ ಅವಧಿಯಲ್ಲಿ ಅವರು ತಮ್ಮ ಬಂಧುಬಳಗದ ತರುಣರನ್ನು ಭೋಪಾಲಕ್ಕೆ ಕರೆಸಿ, ಮನೆಯಲ್ಲಿಟ್ಟುಕೊಂಡು ಕಲಿಸಿದರು. ಪತ್ನಿ ನನಕುಸಿಯಾ ಶ್ಯಾಮ್, ಸೋದರನ ಮಗ ಭಜ್ಜು ಶ್ಯಾಮ್, ವೆಂಕಟ್ ರಮಣ ಸಿಂಗ್ ಶ್ಯಾಮ್, ರಾಮ್ ಸಿಂಗ್ ಉರ್ವೇತಿ, ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಮೊದಲಾದವರು ಬೆಳೆದದ್ದು ಈ ವಲಯದಲ್ಲಿಯೇ. ಮುಂದಿನ ತಲೆಮಾರಿನಲ್ಲಿ ಮಕ್ಕಳಾದ ಮಯಂಕ್ ಮತ್ತು ಜಪಾನಿ ಶ್ಯಾಮ್ ಬಂದರು. ಉದಯನ್ ವಾಜಪೇಯಿ ಅವರು ಈ ಸಮಗ್ರ ಶೈಲಿಗೆ 'ಜನಗಢ ಕಲಮ್' ಎಂಬ ಹೆಸರನ್ನಿತ್ತರು. ರಾಜಪೂತ, ಪಹಾಡಿ ಚಿತ್ರಶೈಲಿಗಳಿಗೆ ಬಳಸುವ 'ಕಲಮ್' ಎಂಬ ಪದವನ್ನು ಒಬ್ಬ ಆದಿವಾಸಿ ಕಲಾವಿದನ ಹೆಸರಿನೊಂದಿಗೆ ಜೋಡಿಸಿದ್ದು ವಿಮರ್ಶೆಯ ದೃಷ್ಟಿಯಿಂದ ಸಾಹಸದ ನಡೆ. ಊರಿನ ಅಥವಾ ಆಸ್ಥಾನದ ಹೆಸರಿನಿಂದ ಕರೆಯಬಹುದಾಗಿದ್ದ ಶೈಲಿಯನ್ನು ವ್ಯಕ್ತಿಯ ಹೆಸರಿನಿಂದ ಕರೆದದ್ದರಲ್ಲಿ ಒಂದು ಐತಿಹಾಸಿಕ ಸತ್ಯದ ಮನ್ನಣೆಯಿದೆ: ಈ ಶೈಲಿಗೆ ಆರಂಭವಿದೆ, ಆರಂಭಿಸಿದವನೂ ಇದ್ದಾನೆ.

ಹಾಗಾದರೆ ಪರಂಪರೆಯ ಪಾತ್ರವೇನು? ಪರಧಾನರ ಸಂಗೀತವೇ ಚಿತ್ರವಾಗಿ ರೂಪಾಂತರ ಹೊಂದಿತೆಂಬುದು ಉದಯನ್ ವಾಜಪೇಯಿ ಅವರ ಪ್ರತಿಪಾದನೆ. ಯಜಮಾನರ ಆಶ್ರಯ ಕ್ಷೀಣಿಸಿ, ಬಾನಾ ಮೂಲೆಗುಂಪಾದ ಕಾಲದಲ್ಲಿ ಕಥನಶಕ್ತಿ ಕಣ್ಣಿನ ಮಾಧ್ಯಮಕ್ಕೆ ಹರಿಯಿತೆಂಬ ಈ ವಾದ ಆಕರ್ಷಕವಾಗಿದೆ. ಬಹುಮಟ್ಟಿಗೆ ಸರಿಯಾಗಿಯೂ ಇದೆ. ಆದರೆ ಅದನ್ನು ಎಚ್ಚರಿಕೆಯಿಂದ ಬಳಸಬೇಕು. ಸಂಗೀತ ತಾನಾಗಿಯೇ ಚಿತ್ರವಾಗುವುದಿಲ್ಲ. ಹಾಡಿನಲ್ಲಿ ಬಡಾದೇವನಿಗೆ, ಠಾಕೂರದೇವನಿಗೆ, ಮರಹೀದೇವಿಗೆ, ಫುಲವಾರಿ ದೇವಿಗೆ ಚರಿತ್ರೆಯಿತ್ತು, ಮಹಿಮೆಯಿತ್ತು. ಕಣ್ಣು, ಮೂಗು, ಕೈಕಾಲು ಇರಲಿಲ್ಲ. ಅವರಿಗೆ ದೇಹ ಕೊಟ್ಟವರು ಜನಗಢರು. ಹಿಂದೂ ದೇವತೆಗಳ ಮುದ್ರಿತ ಚಿತ್ರಪಟಗಳು ಹಳ್ಳಿಹಳ್ಳಿಗೂ ತಲುಪಿದ್ದ ಕಾಲದಲ್ಲಿ ಅವುಗಳ ಮಾದರಿಯನ್ನು ಅನುಸರಿಸುವುದು ಅತ್ಯಂತ ಸುಲಭವಾಗಿತ್ತು. ಜನಗಢರು ಹಾಗೆ ಮಾಡಲಿಲ್ಲ. ಅವರ ದೇವತೆಗಳು ಎದುರಾಗಿ ನಿಂತು ದರ್ಶನ ಕೊಡುವ ಮೂರ್ತಿಗಳಾಗದೆ, ಮೈಯಿಂದ ಕೊಂಬೆಗಳು ಚಿಮ್ಮುವ, ಅಂಚಿನಲ್ಲಿ ರೋಮದಂತೆ ಎಳೆಗಳು ನಿಮಿರುವ, ಅರ್ಧ ಮರ ಅರ್ಧ ಜೀವಿಯಾದ ಆಕೃತಿಗಳಾದವು. ಇದನ್ನು ಪರಂಪರೆಯ ಮುಂದುವರಿಕೆ ಎನ್ನುವುದಕ್ಕಿಂತ, ಪರಂಪರೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ಒಬ್ಬ ಕಲಾವಿದ ತನ್ನ ಹೊಣೆಯ ಮೇಲೆ ಮಾಡಿದ ನಿರ್ಮಿತಿ ಎನ್ನುವುದು ಹೆಚ್ಚು ಉಚಿತ.

೪. ಚುಕ್ಕೆ, ಗೆರೆ ಮತ್ತು ದೇಹ

ಈ ಶೈಲಿಯ ಅತ್ಯಂತ ಎದ್ದುಕಾಣುವ ಲಕ್ಷಣ ಆಕೃತಿಯ ಒಳಗನ್ನು ತುಂಬುವ ಕ್ರಮ. ಮೊದಲು ಹೊರರೇಖೆ, ಅನಂತರ ಒಂದೇ ಬಣ್ಣದ ಮೈ, ಅದರ ಮೇಲೆ ಚುಕ್ಕೆ, ಗೀರು, ಅರ್ಧವೃತ್ತ, ಬಾಚಣಿಗೆಯ ಹಲ್ಲಿನಂಥ ಸಾಲುಗಳ ಪದರ. ಇದರ ಮೂಲವನ್ನು ಕೆಲವರು ಹಚ್ಚೆಯಲ್ಲಿ, ಕೆಲವರು ದಿಗ್ನಾದಲ್ಲಿ, ಕೆಲವರು ಬಿತ್ತನೆಯ ಕಾಳುಗಳಲ್ಲಿ, ಮತ್ತೆ ಕೆಲವರು ಹಾಡಿನ ಲಯದಲ್ಲಿ ಹುಡುಕಿದ್ದಾರೆ. ಮೂಲದ ಹುಡುಕಾಟಕ್ಕಿಂತ ಚಿತ್ರದಲ್ಲಿ ಅದು ನಿರ್ವಹಿಸುವ ಕಾರ್ಯವನ್ನು ವಿವರಿಸುವುದು ವಿಮರ್ಶೆಗೆ ಹೆಚ್ಚು ಉಪಯುಕ್ತವೆಂದು ತೋರುತ್ತದೆ.

ಜನಗಢರ ಚಿತ್ರಗಳಲ್ಲಿ ಸಾಮಾನ್ಯವಾಗಿ ದಿಗಂತರೇಖೆಯಿಲ್ಲ, ನೆರಳಿಲ್ಲ, ದೂರ ಹತ್ತಿರಗಳ ಭೇದವಿಲ್ಲ. ಪ್ರಾಣಿಯು ಖಾಲಿ ಬಯಲಿನಲ್ಲಿ ತೇಲುತ್ತಿರುವಂತೆ ನಿಂತಿರುತ್ತದೆ. ಬೆಳಕು ನೆರಳುಗಳಿಂದ ದೊರೆಯಬೇಕಾದ ಮೈತುಂಬಿದ ಭಾವ ಇಲ್ಲಿ ಚುಕ್ಕೆಗಳ ಸಾಲಿನ ದಿಕ್ಕಿನಿಂದ ದೊರೆಯುತ್ತದೆ. ಸಾಲುಗಳು ಹೆಗಲಿನಲ್ಲಿ ಬಾಗುತ್ತವೆ, ಹೊಟ್ಟೆಯಲ್ಲಿ ಹಿಗ್ಗುತ್ತವೆ, ಕಾಲಿನ ಗೆಣ್ಣಿನಲ್ಲಿ ಒತ್ತೊತ್ತಾಗುತ್ತವೆ. ಚಿತ್ರದ ಪ್ರಾಣಿ ಕದಲದೆ ನಿಂತಿದ್ದರೂ ಅದರ ಚರ್ಮದ ಕೆಳಗೆ ಏನೋ ಸಂಚರಿಸುತ್ತಿದೆಯೆಂಬ ಅನುಭವ ಬರುವುದು ಇದರಿಂದ. ಅವರ ಕಪ್ಪುಬಿಳುಪಿನ ಶಾಯಿಚಿತ್ರಗಳಲ್ಲಿ, ಬಣ್ಣದ ನೆರವಿಲ್ಲದಿರುವುದರಿಂದ, ಈ ಗುಣವನ್ನು ಇನ್ನೂ ಖಚಿತವಾಗಿ ಗುರುತಿಸಬಹುದು.

ಇದನ್ನೇ ಒಂದು ವಿಮರ್ಶಾ ಮಾನದಂಡವಾಗಿ ಬಳಸಲು ಸಾಧ್ಯವಿದೆ. ತುಂಬುಗೆಯು ದೇಹವನ್ನು ಅನುಸರಿಸುತ್ತಿದೆಯೇ, ಅಥವಾ ದೇಹದ ಮೇಲೆ ಹೊದಿಸಿದ ಅಚ್ಚಿನ ಬಟ್ಟೆಯಂತಿದೆಯೇ ಎಂಬ ಪ್ರಶ್ನೆಯನ್ನು ಪ್ರತಿ ಚಿತ್ರಕ್ಕೂ ಕೇಳಬಹುದು. ಮಾರುಕಟ್ಟೆಗಾಗಿ ವೇಗವಾಗಿ ತಯಾರಾಗುವ ಅನೇಕ ಚಿತ್ರಗಳಲ್ಲಿ ಎರಡನೆಯ ಸ್ಥಿತಿಯೇ ಕಂಡುಬರುತ್ತದೆ. ಅಲ್ಲಿ ಹುಲಿಯ ತುಂಬುಗೆಯನ್ನು ತೆಗೆದು ಮೀನಿಗೆ ತೊಡಿಸಿದರೂ ಹೆಚ್ಚಿನ ವ್ಯತ್ಯಾಸವಾಗದು. ಅಂಥ ಕೃತಿಗಳನ್ನು 'ಪಾರಂಪರಿಕ'ವೆಂಬ ಗೌರವದ ಮಾತಿನಿಂದ ವಿಮರ್ಶೆಯ ಹೊರಗಿಡುವುದು ಕಲಾವಿದರಿಗೆ ಮಾಡುವ ಉಪಕಾರವಲ್ಲ. ಒಳ್ಳೆಯದನ್ನೂ ಸಾಧಾರಣವಾದುದನ್ನೂ ಬೇರ್ಪಡಿಸದ ಮೆಚ್ಚುಗೆಯು ಒಳ್ಳೆಯ ಕಲಾವಿದನ ಶ್ರಮವನ್ನೇ ಅಗ್ಗಗೊಳಿಸುತ್ತದೆ.

ಇನ್ನೊಂದು ಅಂಶವೂ ಇಲ್ಲಿ ಗಮನಾರ್ಹ. ಈ ವಲಯದ ಪ್ರತಿಯೊಬ್ಬ ಪ್ರೌಢ ಕಲಾವಿದನೂ ತನ್ನದೇ ಆದ ತುಂಬುಗೆಯ ಮಾದರಿಯನ್ನು ರೂಢಿಸಿಕೊಳ್ಳುತ್ತಾನೆ. ಒಬ್ಬರದು ಸರಪಳಿಯಂಥ ಎಳೆ, ಇನ್ನೊಬ್ಬರದು ಕಾಳಿನ ಆಕಾರ, ಮತ್ತೊಬ್ಬರದು ನೀರಿನ ಅಲೆ. ಬಲ್ಲವರು ಸಹಿಯನ್ನು ನೋಡದೆಯೇ ಬರೆದವರನ್ನು ಹೇಳಬಲ್ಲರು. ಒಬ್ಬರ ಮಾದರಿಯನ್ನು ಇನ್ನೊಬ್ಬರು ಬಳಸುವುದು ಕಲಾವಿದರೊಳಗೆ ಉಚಿತವೆನಿಸುವುದಿಲ್ಲ. ಅನಾಮಿಕವೆಂದು ಹೊರಗಿನವರು ಭಾವಿಸಿದ ಕಲೆಯ ಒಳಗೇ ಕರ್ತೃತ್ವದ ಇಷ್ಟು ಸೂಕ್ಷ್ಮವಾದ ವ್ಯವಸ್ಥೆ ಬೆಳೆದಿದೆ.

೫. ಪ್ರಾಣಿ: ವಸ್ತುವೋ ಭಾಷೆಯೋ?

ಈಗ 'ಪ್ರಕೃತಿಪ್ರೇರಿತ' ಎಂಬ ಎರಡನೆಯ ವಿಶೇಷಣಕ್ಕೆ ಬರಬಹುದು. ಪ್ರಕೃತಿಯಿಂದ ಪ್ರೇರಣೆ ಪಡೆಯಬೇಕಾದರೆ ಪ್ರಕೃತಿಯ ಹೊರಗೆ ನಿಂತಿರಬೇಕು. ಕಾಡನ್ನು ನೋಡಲು ಹೋದವನಿಗೆ ಕಾಡು ಪ್ರೇರಣೆಯಾಗುತ್ತದೆ. ಹಿಪ್ಪೆಯ ಹೂವನ್ನು ಆರಿಸಿ ತಂದು ಬದುಕುವವನಿಗೆ ಅದು ನಂಟಿನ, ಭಯದ, ಅಗತ್ಯದ ಲೋಕ. ಪರಧಾನರ ಕಥನಗಳಲ್ಲಿ ಪ್ರಾಣಿಗಳು ವರ್ಣನೆಯ ವಸ್ತುಗಳಾಗಿ ಬರುವುದಕ್ಕಿಂತ ಪಾತ್ರಗಳಾಗಿ ಬರುತ್ತವೆ. ಆದ್ದರಿಂದ ಚಿತ್ರದಲ್ಲಿ ಕಾಣುವ ಜಿಂಕೆಯನ್ನು ವನ್ಯಜೀವಿಯ ಸುಂದರ ದೃಶ್ಯವೆಂದು ನೋಡುವುದು, ಪುರಾಣದ ಚಿತ್ರದಲ್ಲಿರುವ ಗರುಡನನ್ನು ಪಕ್ಷಿಶಾಸ್ತ್ರದ ಮಾದರಿಯೆಂದು ನೋಡಿದಂತಾದೀತು.

ಈ ಮಾತಿಗೆ ಹೆಚ್ಚಿನ ಪುಷ್ಟಿ ದೊರೆಯುವುದು ಕಾಡಿನ ಚಿತ್ರಗಳಿಂದಲ್ಲ, ನಗರದ ಚಿತ್ರಗಳಿಂದ. ಭಜ್ಜು ಶ್ಯಾಮ್ ಅವರು ಲಂಡನ್ನಿನ ಭಾರತೀಯ ಉಪಾಹಾರಗೃಹವೊಂದರ ಗೋಡೆಗಳಿಗೆ ಚಿತ್ರ ಬರೆಯಲು ಹೋಗಿ ಅಲ್ಲಿ ಎರಡು ತಿಂಗಳು ಕಳೆದರು. ಆ ಅನುಭವವನ್ನು ಆಧರಿಸಿದ 'ದಿ ಲಂಡನ್ ಜಂಗಲ್ ಬುಕ್' ಎಂಬ ಕೃತಿಯನ್ನು ಚೆನ್ನೈನ ತಾರಾ ಬುಕ್ಸ್ ೨೦೦೪ರಲ್ಲಿ ಪ್ರಕಟಿಸಿತು. ಅದರಲ್ಲಿ ಬಿಗ್ ಬೆನ್ ಗಡಿಯಾರ ಹಾಗೂ ಹುಂಜ ಒಂದೇ ಆಕೃತಿಯಲ್ಲಿ ಬೆಸೆದುಕೊಂಡಿವೆ. ಎರಡೂ ಹೊತ್ತನ್ನು ಸಾರುವಂಥವು. ನೆಲದಡಿಯ ರೈಲು ಎರೆಹುಳುವಾಗಿದೆ, ದಿನವೂ ತಪ್ಪದೆ ಬರುವ ಬಸ್ಸು ನಂಬಿಕೆಯ ನಾಯಿಯಾಗಿದೆ, ವಿಮಾನವು ಹಾರುವ ಆನೆಯಾಗಿದೆ. ಸಂಜೆಯಾದೊಡನೆ ಮದ್ಯದಂಗಡಿಗಳಲ್ಲಿ ನೆರೆಯುವ ಇಂಗ್ಲಿಷರು ಬಾವಲಿಗಳಾಗಿದ್ದಾರೆ. ಲಂಡನ್ನಿನಲ್ಲಿ ಕಲಾವಿದನಿಗೆ ಪ್ರೇರಣೆ ನೀಡಿದ್ದು ಪ್ರಕೃತಿಯಲ್ಲ, ಯಂತ್ರ ಹಾಗೂ ಜನಜಂಗುಳಿ. ಆದರೂ ಅವರು ಪ್ರಾಣಿಗಳನ್ನೇ ಬರೆದರು. ಏಕೆಂದರೆ ಹೊಸದನ್ನು ಗ್ರಹಿಸಲು, ಹೋಲಿಸಲು, ನಗಲು, ವಿಮರ್ಶಿಸಲು ಅವರಲ್ಲಿದ್ದ ಶಬ್ದಸಂಪತ್ತು ಅದೇ. ಪ್ರಾಣಿ ಇಲ್ಲಿ ಚಿತ್ರದ ವಸ್ತುವಾಗಿರದೆ ಚಿತ್ರದ ಭಾಷೆಯಾಗಿದೆ. ಕಿಪ್ಲಿಂಗನ ಪುಸ್ತಕದ ಹೆಸರನ್ನು ತಿರುಗುಮುರುಗು ಮಾಡಿದ ಈ ಶೀರ್ಷಿಕೆಯಲ್ಲಿ ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಅಡಗಿದೆ.

ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದ, ಶ್ರೀವಿದ್ಯಾ ನಟರಾಜನ್ ಹಾಗೂ ಎಸ್. ಆನಂದ್ ಬರೆದ 'ಭೀಮಾಯಣ' (೨೦೧೧) ಇನ್ನೊಂದು ಮಹತ್ವದ ನಿದರ್ಶನ. ನವಯಾನ ಪ್ರಕಟಿಸಿದ ಈ ಕೃತಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಎದುರಿಸಿದ ಅಸ್ಪೃಶ್ಯತೆಯ ಅನುಭವಗಳನ್ನು ನೀರು, ವಸತಿ, ಪ್ರಯಾಣ ಎಂಬ ಭಾಗಗಳಲ್ಲಿ ನಿರೂಪಿಸುತ್ತದೆ. ಚಿತ್ರಕಥೆಯ ಪುಟವನ್ನು ಚೌಕಗಳಾಗಿ ವಿಭಜಿಸುವ ರೂಢಿಯನ್ನು ಈ ಕಲಾವಿದರು ಒಪ್ಪಲಿಲ್ಲ. ಬದಲಿಗೆ ದಿಗ್ನಾದ ಬಳುಕುವ ಪಟ್ಟಿಗಳು ಪುಟವನ್ನು ವಿಭಾಗಿಸುತ್ತವೆ. ರೈಲು ಹಾವಾಗುತ್ತದೆ, ನೀರಿನ ಪಂಪಿನ ಹಿಡಿಯು ಆನೆಯ ಸೊಂಡಿಲಾಗುತ್ತದೆ. ಪಾತ್ರಗಳ ಮಾತನ್ನು ಸುತ್ತುವರಿದ ಗುಳ್ಳೆಗಳಲ್ಲಿಯೂ ಭೇದವಿದೆ: ಸೌಮ್ಯವಾದ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ತುಂಬಿದ ಮಾತಿಗೆ ಚೇಳಿನ ಕೊಂಡಿ, ಮನದೊಳಗಿನ ಮಾತಿಗೆ ಕಣ್ಣಿನ ಗುರುತು. ಚೇಳಿನ ಕೊಂಡಿಯನ್ನು ಪ್ರಕೃತಿಪ್ರೇಮದ ಅಭಿವ್ಯಕ್ತಿಯೆನ್ನಲು ಯಾರಿಗೂ ಸಾಧ್ಯವಾಗದು. ಅದು ನೈತಿಕ ತೀರ್ಮಾನ. ದಿಗ್ನಾ ಎಂಬ ನಿಜವಾಗಿಯೂ ಹಳೆಯದಾದ, ಹೆಂಗಸರದೇ ಆದ ವಿನ್ಯಾಸವು ಇಲ್ಲಿ ಪುಟದ ರಚನಾತತ್ತ್ವವಾಗಿ ಮರಳಿ ಬಂದದ್ದೂ ಗಮನಿಸಬೇಕಾದ ಸಂಗತಿ. ಪರಂಪರೆ ಎಂಬ ಪದಕ್ಕೆ ಸಾರ್ಥಕವಾದ ಅರ್ಥವನ್ನು ಹುಡುಕುವುದಾದರೆ ಅದು ಇಂಥ ಮರುಬಳಕೆಯಲ್ಲಿ ಸಿಗುತ್ತದೆ.

ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಅವರ 'ದಿ ನೈಟ್ ಲೈಫ್ ಆಫ್ ಟ್ರೀಸ್' (೨೦೦೬) ಕೃತಿಯನ್ನು ಈ ಸಂದರ್ಭದಲ್ಲಿ ಆಕ್ಷೇಪವಾಗಿ ಮುಂದಿಡಬಹುದು. ಕಪ್ಪು ಕಾಗದದ ಮೇಲೆ ಕೈಯಿಂದ ರೇಷ್ಮೆಪರದೆಯ ಮುದ್ರಣ ಮಾಡಿದ ಆ ಪುಸ್ತಕದ ಪುಟಪುಟದಲ್ಲೂ ಮರಗಳೇ ಇವೆ. ಅದು ಪ್ರಕೃತಿಯ ಚಿತ್ರಣವಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅಲ್ಲಿನ ಮರಗಳು ಹಗಲಿನ ನೋಟಕ್ಕೆ ದೊರೆಯುವ ಮರಗಳಲ್ಲ. ಹಗಲಿನಲ್ಲಿ ಮನುಷ್ಯರಿಗೆ, ದನಕರುಗಳಿಗೆ ನೆರಳು, ಆಹಾರ ಕೊಟ್ಟು ದಣಿದ ಮರಗಳು ರಾತ್ರಿ ತಮ್ಮ ನಿಜರೂಪವನ್ನು ತೋರುತ್ತವೆಂಬ ಕಲ್ಪನೆ ಆ ಕೃತಿಯ ತಳಹದಿ. ಕಣ್ಣಿಗೆ ಕಾಣುವ ಪ್ರಕೃತಿಗಿಂತ ಕಥೆಯಲ್ಲಿ ಕೇಳಿದ ಪ್ರಕೃತಿಯೇ ಇಲ್ಲಿ ಮೂಲವಾಗಿರುವುದರಿಂದ ಆಕ್ಷೇಪವು ನಿಲ್ಲುವುದಿಲ್ಲ.

೬. ಹೆಸರು, ಹಕ್ಕು ಮತ್ತು ಮಾರುಕಟ್ಟೆ

ಮೇಲಿನ ಚರ್ಚೆ ಬರಿಯ ಪರಿಭಾಷೆಯ ಚರ್ಚೆಯಲ್ಲ. ಅದರ ಹಿಂದೆ ಬದುಕಿನ ಪ್ರಶ್ನೆಗಳಿವೆ. ಜನಗಢ ಸಿಂಗ್ ಶ್ಯಾಮ್ ೨೦೦೧ರಲ್ಲಿ ಜಪಾನಿನ ನೀಗಾಟ ಪ್ರಾಂತದ ಮಿಥಿಲಾ ವಸ್ತುಸಂಗ್ರಹಾಲಯದಲ್ಲಿ ಚಿತ್ರರಚನೆಗಾಗಿ ತಂಗಿದ್ದಾಗ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ ನಲವತ್ತರ ಆಸುಪಾಸು. ಆ ಸಾವಿನ ಕಾರಣಗಳನ್ನು ಊಹಿಸಲು ಇಲ್ಲಿ ಹೊರಡುವುದು ಉಚಿತವಲ್ಲ. ಆದರೆ ಆ ಸಂದರ್ಭದಲ್ಲಿ ಭಾರತದ ಕಲಾವಿದರು ಎತ್ತಿದ ಪ್ರಶ್ನೆಗಳನ್ನು ನೆನೆಯಬೇಕು. ವಿದೇಶಕ್ಕೆ ಹೋಗುವ ಆದಿವಾಸಿ ಕಲಾವಿದನೊಂದಿಗೆ ಮಾಡಿಕೊಳ್ಳುವ ಒಪ್ಪಂದದ ಸ್ವರೂಪವೇನು, ಸಂಭಾವನೆಯೆಷ್ಟು, ಮರಳಿ ಬರುವ ಸ್ವಾತಂತ್ರ್ಯ ಯಾರ ಕೈಯಲ್ಲಿದೆ, ಅವನ ಪರವಾಗಿ ಮಾತನಾಡುವವರು ಯಾರು? ಪ್ಯಾರಿಸ್ಸಿನಲ್ಲಿ ಸಮಕಾಲೀನ ಕಲಾವಿದನೆಂದು ಮನ್ನಣೆ ಪಡೆದವರು ವ್ಯವಹಾರದಲ್ಲಿ ಕೂಲಿಯ ಕುಶಲಕರ್ಮಿಯಂತೆ ನಡೆಸಿಕೊಳ್ಳಲ್ಪಡುವ ಸಾಧ್ಯತೆ ಇದ್ದೇ ಇತ್ತು. ವಿಮರ್ಶೆ ಯಾವ ಪದವನ್ನು ಬಳಸುತ್ತದೆಂಬುದು ಒಪ್ಪಂದದ ಕಾಗದದಲ್ಲಿ ಏನು ಬರೆಯಲಾಗುತ್ತದೆಂಬುದರ ಮೇಲೂ ಪರಿಣಾಮ ಬೀರುತ್ತದೆ.

೨೦೧೦ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಜನಗಢರ ೧೯೮೮ರ ಚಿತ್ರವೊಂದು ೩೧,೨೫೦ ಡಾಲರಿಗೆ ಮಾರಾಟವಾಯಿತು. ಭಜ್ಜು ಶ್ಯಾಮ್ ೨೦೧೮ರಲ್ಲಿ, ದುರ್ಗಾಬಾಯಿ ವ್ಯಾಮ್ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಭಾಜನರಾದರು. ೨೦೨೩ರಲ್ಲಿ ಮಧ್ಯಪ್ರದೇಶದ ಗೊಂಡ್ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಭೌಗೋಳಿಕ ಗುರುತು ಒಂದು ಪ್ರದೇಶದ, ಒಂದು ಸಮುದಾಯದ ಹೆಸರನ್ನು ರಕ್ಷಿಸುತ್ತದೆ. ಅದು ಅಕ್ಕಿ, ಮಾವು, ಸೀರೆಗಳಿಗೆ ಚೆನ್ನಾಗಿ ಒಪ್ಪುವ ವ್ಯವಸ್ಥೆ. ಒಬ್ಬ ಕಲಾವಿದ ವರ್ಷಗಟ್ಟಲೆ ಸಾಧಿಸಿ ರೂಢಿಸಿಕೊಂಡ ತುಂಬುಗೆಯ ಮಾದರಿಯನ್ನು, ಅವನು ಬರೆದ ನಿರ್ದಿಷ್ಟ ಚಿತ್ರವನ್ನು ರಕ್ಷಿಸಬೇಕಾದದ್ದು ಕೃತಿಸ್ವಾಮ್ಯದ ಕಾನೂನು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ ಕಲಮು ಕೃತಿಯ ಕರ್ತೃವೆಂದು ಗುರುತಿಸಿಕೊಳ್ಳುವ ಹಕ್ಕನ್ನು ಲೇಖಕನಿಗೂ ಕಲಾವಿದನಿಗೂ ನೀಡಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಆ ಹಕ್ಕು ಉಳಿಯುತ್ತದೆ. ಚಿತ್ರದ ಕೆಳಗೆ 'ಗೊಂಡ್ ಪಾರಂಪರಿಕ ಚಿತ್ರ' ಎಂದಷ್ಟೇ ಬರೆದು ಕಲಾವಿದನ ಹೆಸರನ್ನು ಬಿಡುವುದು ಈ ಹಕ್ಕಿನ ನಿರಾಕರಣೆಯಾಗುತ್ತದೆ. ಪರಂಪರೆಗೆ ಒಡೆಯನಿಲ್ಲವೆಂಬ ನಂಬಿಕೆಯೇ ಇಂಥ ಲೋಪಕ್ಕೆ ಸಮರ್ಥನೆಯಾಗಿ ಒದಗುತ್ತದೆ.

ಇದರರ್ಥ ಸಮುದಾಯದ ಪಾಲನ್ನು ನಿರಾಕರಿಸಬೇಕೆಂದಲ್ಲ. ಜನಗಢರ ಕೈಗೆ ಕಥೆಗಳನ್ನು ಕೊಟ್ಟದ್ದು ಬಾನಾ ಹಿಡಿದ ಅಸಂಖ್ಯ ಗಾಯಕರು. ವಿನ್ಯಾಸವನ್ನು ಕೊಟ್ಟದ್ದು ದಿಗ್ನಾ ಬರೆದ ಹೆಂಗಸರು. ಅವರ ಋಣವನ್ನು ಈ ಕಲಾವಿದರು ಸ್ವತಃ ಮತ್ತೆ ಮತ್ತೆ ಸ್ಮರಿಸುತ್ತಾರೆ. ಆದರೆ ಕನ್ನಡದ ಕವಿಯೊಬ್ಬ ಜನಪದ ಕಥೆಯನ್ನು ಆಧರಿಸಿ ಕಾವ್ಯ ಬರೆದರೆ ನಾವು ಜನಪದದ ಋಣವನ್ನು ಗುರುತಿಸುತ್ತಲೇ ಕವಿಯ ಹೆಸರನ್ನು ಮುಖಪುಟದಲ್ಲಿ ಮುದ್ರಿಸುತ್ತೇವೆ. ಆದಿವಾಸಿ ಕಲಾವಿದನಿಗೆ ಮಾತ್ರ ಬೇರೆಯ ನ್ಯಾಯ ಅನ್ವಯವಾಗಲು ಕಾರಣವಿಲ್ಲ.

೭. ಸಮಾಪನ

ಸ್ವಾಮಿನಾಥನ್ ಅವರು ೧೯೮೭ರಲ್ಲಿ ಪ್ರಕಟಿಸಿದ 'ದಿ ಪರ್ಸೀವಿಂಗ್ ಫಿ಼ಂಗರ್ಸ್' ಗ್ರಂಥದಲ್ಲಿ ಆದಿವಾಸಿ ಕಲೆಯನ್ನು ಭೂತಕಾಲದ ಅವಶೇಷವೆಂದು ನೋಡದೆ, ನಗರದ ಕಲೆಯೊಂದಿಗೆ ಏಕಕಾಲದಲ್ಲಿ ಬಾಳುತ್ತಿರುವ ಕಲೆಯೆಂದು ನೋಡುವ ನಿಲುವನ್ನು ಪ್ರತಿಪಾದಿಸಿದರು. ನಾಲ್ಕು ದಶಕಗಳ ಅನಂತರವೂ ಆ ನಿಲುವಿನ ಮಹತ್ವ ಕುಂದಿಲ್ಲ. ಆದರೆ ಒಂದು ಮಿತಿಯನ್ನು ಹೇಳಬೇಕಾಗುತ್ತದೆ. ಕಾಲದ ಸಮಾನತೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ಅಧಿಕಾರದ ಸಮಾನತೆ ಬಂದುಬಿಡುವುದಿಲ್ಲ. ಹಳ್ಳಿಯಲ್ಲಿ ಪ್ರತಿಭೆಯನ್ನು ಗುರುತಿಸಿ ನಗರಕ್ಕೆ ಕರೆತಂದವರು, ಸಂಗ್ರಹಿಸಿದವರು, ಬರೆದವರು, ಮಾರಿದವರು ಬಹುಮಟ್ಟಿಗೆ ಹೊರಗಿನವರೇ ಆಗಿದ್ದರು. ಕಲಾವಿದರೇ ತಮ್ಮ ಕಲೆಯ ಚರಿತ್ರೆಯನ್ನು ಹೇಳುವ ಪ್ರಯತ್ನಗಳು ಈಚಿನವು. ವೆಂಕಟ್ ರಮಣ ಸಿಂಗ್ ಶ್ಯಾಮ್ ಅವರು ಎಸ್. ಆನಂದ್ ಅವರೊಂದಿಗೆ ೨೦೧೬ರಲ್ಲಿ ಹೊರತಂದ ಆತ್ಮಕಥನಾತ್ಮಕ ಚಿತ್ರಕೃತಿ 'ಫೈಂಡಿಂಗ್ ಮೈ ವೇ' ಈ ದಿಸೆಯಲ್ಲಿ ಮುಖ್ಯವಾದುದು.

ಕನ್ನಡದ ಸಂಶೋಧಕರಿಗೆ ಈ ವಿಷಯ ದೂರದ್ದೇನಲ್ಲ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿ ಜನಗಢರ ಗಣನೀಯ ಸಂಖ್ಯೆಯ ಕೃತಿಗಳಿವೆ. ಜ್ಯೋತೀಂದ್ರ ಜೈನ್ ಅವರು ಜನಗಢರನ್ನು ಕುರಿತು ಬರೆದ 'ಎ ಕಾಂಜ್ಯೂರರ್ಸ್ ಆರ್ಕೈವ್' ಗ್ರಂಥಕ್ಕೆ ಆಧಾರವಾದದ್ದು ಇದೇ ಸಂಸ್ಥೆಯ ಆಸಕ್ತಿ. ಮೂಲಕೃತಿಗಳನ್ನು ನೋಡಿ, ಒಂದು ಚಿತ್ರವನ್ನು ಇನ್ನೊಂದರೊಡನೆ ಹೋಲಿಸಿ, ಕಲಾವಿದ ಕಲಾವಿದರ ನಡುವಣ ಅಂತರವನ್ನು ದಾಖಲಿಸುವ ಕೆಲಸ ಕನ್ನಡದಲ್ಲಿಯೂ ನಡೆಯಬೇಕಾಗಿದೆ. ಅಂಥ ಅಧ್ಯಯನವು ನಮ್ಮ ಹಸೆ ಚಿತ್ತಾರವನ್ನೂ, ಹೆಳವರ ಕಥನವನ್ನೂ ಹೊಸ ಪ್ರಶ್ನೆಗಳೊಂದಿಗೆ ನೋಡಲು ನೆರವಾದೀತು. ಗೋಡೆಯ ಮೇಲೆ ಚಿತ್ತಾರ ಬರೆದ ಹೆಂಗಸಿನ ಹೆಸರನ್ನು ನಾವು ಎಷ್ಟು ಬಾರಿ ದಾಖಲಿಸಿದ್ದೇವೆಂದು ಕೇಳಿಕೊಳ್ಳುವುದರಿಂದಲೇ ಈ ಕೆಲಸವನ್ನು ಆರಂಭಿಸಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಗೊಂಡ್ ಚಿತ್ರಕಲೆ ಪಾರಂಪರಿಕ ಕಥನವನ್ನು ಆಧರಿಸಿ ೧೯೮೦ರ ದಶಕದಲ್ಲಿ ರೂಪುಗೊಂಡ ಆಧುನಿಕ ಕಲೆ. ಅದರಲ್ಲಿನ ಪ್ರಾಣಿಗಳು ಲೋಕವನ್ನು ಕುರಿತು ಆಲೋಚಿಸುವ ಭಾಷೆ. ಅದನ್ನು ಬರೆದವರಿಗೆ ಹೆಸರುಗಳಿವೆ, ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುವ ಗೆರೆಗಳಿವೆ. ಗ್ರಂಥಾಲಯದ ಸೂಚಿಯಲ್ಲಿ, ವಸ್ತುಸಂಗ್ರಹಾಲಯದ ಫಲಕದಲ್ಲಿ, ಸಂಶೋಧನ ಲೇಖನದ ಚಿತ್ರಸೂಚಿಯಲ್ಲಿ ಸಮುದಾಯದ ಹೆಸರಿನೊಂದಿಗೆ ಕಲಾವಿದನ ಹೆಸರನ್ನೂ ಕೃತಿಯ ವರ್ಷವನ್ನೂ ತಪ್ಪದೆ ನಮೂದಿಸುವುದು ಸಣ್ಣ ಕೆಲಸವೆಂದು ತೋರಬಹುದು. ಈ ಕಲೆಯ ವಿಷಯದಲ್ಲಿ ವಿಮರ್ಶೆಯ ಮೊದಲ ಕರ್ತವ್ಯ ಅದೇ ಆಗಿದೆ.